ಪಿತ್ತನಾಳದ ಗುಳ್ಳೆ: ನೀರನ್ನಷ್ಟೇ ತೆಗೆಸಿದರೆ ಸಾಲದೇ?

ಜಮಖಂಡಿಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಅಕ್ಕನಿಗೆ 34 ವರ್ಷ. ಪಿತ್ತನಾಳದಲ್ಲಿ ಗುಳ್ಳೆಯಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ದುರ್ಬೀನ್ ಹಾಕಿ ಒಳಗಿನ ನೀರನ್ನಷ್ಟೇ ತೆಗೆಸಿದರೆ ಸಾಲದೇ? ನಾಳವನ್ನೇ ಕತ್ತರಿಸಬೇಕು ಎನ್ನುತ್ತಾರೆ, ಅಂಜಿಕೆಯಾಗಿದೆ.”

ಸಾಲದು. ವಿಜಯಪುರದಲ್ಲಿ ರೋಗಿಗಳನ್ನು ನೋಡುವಾಗ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೊಮ್ಮೆ ಬರೆಯುತ್ತೇನೆ, ಏಕೆಂದರೆ ಈ ಒಂದು ತಪ್ಪು ತಿಳಿವಳಿಕೆಯಿಂದ ಜನರು ವರ್ಷಗಟ್ಟಲೆ ತಡಮಾಡುತ್ತಾರೆ.

ಗುಳ್ಳೆ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅಂಡಾಶಯದ ನೀರುಗುಳ್ಳೆಯ ವಿಷಯ ಕೇಳಿ ಬಲ್ಲವರು ಇದನ್ನೂ ನಾಳಕ್ಕೆ ಅಂಟಿಕೊಂಡ ಬೇರೊಂದು ಚೀಲವೆಂದು ಭಾವಿಸುತ್ತಾರೆ. ಹಾಗಲ್ಲ, ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ನಾಳವೇ ಹಿಗ್ಗಿ ಹೀಗಾಗಿರುತ್ತದೆ. ಒಳಗಿರುವುದು ಪಿತ್ತರಸ, ಯಕೃತ್ತು ಅದನ್ನು ದಿನಕ್ಕೆ ಅರ್ಧ ಲೀಟರಿಗಿಂತಲೂ ಹೆಚ್ಚು ತಯಾರಿಸುತ್ತದೆ. ಕಾಲುವೆ ಹರಿಯುತ್ತಿರುವಾಗ ಅದರ ನಡುವಿನ ಮಡುವನ್ನು ಬರಿದು ಮಾಡಿದರೆ ಎಷ್ಟು ಹೊತ್ತು ಬರಿದಾಗಿ ಉಳಿದೀತು?

ಅಪಾಯವಿರುವುದು ಗುಳ್ಳೆಯ ಗೋಡೆಯಲ್ಲಿ. ಇಂಥ ಅನೇಕ ರೋಗಿಗಳಲ್ಲಿ ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಹುಟ್ಟಿನಿಂದಲೇ ಕರುಳಿನ ಗೋಡೆಯನ್ನು ಮುಟ್ಟುವ ಮೊದಲೇ ಕೂಡಿಕೊಂಡಿರುತ್ತವೆ; ಆದ್ದರಿಂದ ಮೇದೋಜೀರಕ ರಸವು ಹಿಮ್ಮುಖವಾಗಿ ಪಿತ್ತನಾಳವನ್ನು ಸೇರಿ ಅದರ ಒಳಪದರವನ್ನು ಮತ್ತೆ ಮತ್ತೆ ಕೆರಳಿಸುತ್ತದೆ. ವಯಸ್ಸಾದಂತೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಏರುತ್ತ ಹೋಗುತ್ತದೆ. ಹಿಂದೊಮ್ಮೆ ಶಸ್ತ್ರವೈದ್ಯರೂ ಗುಳ್ಳೆಯನ್ನು ಉಳಿಸಿ, ಅದನ್ನೇ ಕರುಳಿಗೆ ಜೋಡಿಸುತ್ತಿದ್ದರು. ಪಿತ್ತ ಸರಾಗವಾಗಿ ಹರಿಯಿತು, ಕಾಮಣಿ ಇಳಿಯಿತು, ರೋಗಿ ಮನೆಗೆ ಹೋದರು. ವರ್ಷಗಳ ಮೇಲೆ ಕೆಲವರು ಸೋಂಕು ಮತ್ತು ಕಲ್ಲುಗಳಿಂದ, ಇನ್ನು ಕೆಲವರು ಉಳಿಸಿದ ಅದೇ ಗೋಡೆಯಲ್ಲಿ ಹುಟ್ಟಿದ ಕ್ಯಾನ್ಸರಿನಿಂದ ನರಳುತ್ತ ಮರಳಿದರು. ಆ ಕ್ರಮವನ್ನು ವೈದ್ಯರು ಕೈಬಿಟ್ಟದ್ದು ಈ ನೋವನ್ನು ಕಂಡ ಮೇಲೆಯೇ.

ದುರ್ಬೀನಿನಿಂದಲೂ ನಡೆಯುವುದು ಪೂರ್ಣ ಶಸ್ತ್ರಚಿಕಿತ್ಸೆಯೇ. ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಹಿಗ್ಗಿದ ನಾಳವನ್ನೂ ಪಿತ್ತಕೋಶವನ್ನೂ ತೆಗೆದು, ಸಣ್ಣಕರುಳಿನ ಒಂದು ಭಾಗವನ್ನು ಮೇಲಕ್ಕೆ ತಂದು, ಯಕೃತ್ತಿನಿಂದ ಹೊರಬರುವ ನಾಳಕ್ಕೆ ಹೊಲಿಯುತ್ತಾರೆ. ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಆದರೆ ಕಿರಿದಾದ ನಾಳಕ್ಕೆ ಹೀಗೆ ಹೊಲಿಗೆ ಹಾಕುವ ಪಳಗಿದ ಕೈ, ದುರ್ಬೀನಿನಿಂದ ಪಿತ್ತಕೋಶ ತೆಗೆಯುವವರೆಲ್ಲರಿಗೂ ಇರುವುದಿಲ್ಲ. ಇಂಥ ಎಷ್ಟು ಜೋಡಣೆ ಮಾಡಿದ್ದೀರಿ ಎಂದು ಕೇಳಲು ಸಂಕೋಚಪಡಬೇಡಿ. ಗುಳ್ಳೆಯು ಪಕ್ಕದ ರಕ್ತನಾಳಗಳಿಗೆ ಬಿಗಿಯಾಗಿ ಅಂಟಿದ್ದರೆ ನಡುವೆಯೇ ಹೊಟ್ಟೆ ತೆರೆಯಬೇಕಾದೀತು. ಅದು ಸೋಲಲ್ಲ, ವಿವೇಕ.

ಪಿತ್ತಕೋಶ, ನಾಳ ಎರಡೂ ಹೋದ ಮೇಲೆ ಊಟದ ಗತಿಯೇನು ಎಂದು ಇವರು ಕೇಳಿಲ್ಲ, ಆದರೂ ಹೇಳಬೇಕು. ಪಿತ್ತವನ್ನು ತಯಾರಿಸುವುದು ಯಕೃತ್ತು. ಅದು ಇದ್ದಲ್ಲಿಯೇ ಇರುತ್ತದೆ. ಚೇತರಿಸಿಕೊಂಡ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಉಣ್ಣಬಹುದು. ಬಿಡಬಾರದ್ದು ತಪಾಸಣೆಯನ್ನು. ಎಷ್ಟೋ ವರ್ಷಗಳ ಮೇಲೆ ಚಳಿಜ್ವರ ಬಂದರೂ, ಕಣ್ಣು ಹಳದಿಯಾದರೂ, ಜೋಡಿಸಿದ ಜಾಗ ಕಿರಿದಾಗಿರಬಹುದು. ಆಗ ಕಾಮಣಿಯ ನಾಟಿ ಔಷಧಕ್ಕೆ ಅಲೆಯದೆ, ಹಳೆಯ ಆಪರೇಷನ್ ಕಾಗದಗಳನ್ನು ಹಿಡಿದು ನೇರವಾಗಿ ಶಸ್ತ್ರವೈದ್ಯರ ಬಳಿಗೆ ಬನ್ನಿ.