ಪುಷ್‌ಅಪ್‌ನಲ್ಲಿ ಕೈ ಎಲ್ಲಿಡಬೇಕು?

"ಎದೆ ಅಗಲ ಆಗ್ಬೇಕು ಸರ್, ಅದಕ್ಕೇ ಕೈ ಅಗಲ ಇಡ್ತೀನಿ." ಭುಜದ ಮುಂಭಾಗ ನೋವೆಂದು ಫಿಸಿಯೋಥೆರಪಿಗೆ ಬರುವ ಹುಡುಗರ ಬಾಯಲ್ಲಿ ಪದೇ ಪದೇ ಕೇಳುವ ಮಾತಿದು. ಜಿಮ್‌ಗಳಲ್ಲಿ ಬೇರೂರಿರುವ ಈ ನಂಬಿಕೆಗೆ ಆಧಾರ ತೀರಾ ತೆಳು. 2005ರಲ್ಲಿ ಅಮೆರಿಕದ ಸಂಶೋಧಕರು ಕೈಗಳನ್ನು ಭುಜದಗಲಕ್ಕೆ, ಅದಕ್ಕಿಂತ ಅಗಲಕ್ಕೆ, ಆಮೇಲೆ ಎದೆಯ ಕೆಳಗೆ ಹತ್ತಿರಕ್ಕೆ ಇಡಿಸಿ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದರು. ಕೈ ಹತ್ತಿರವಿದ್ದಾಗ ತೋಳಿನ ಹಿಂಬದಿಯ ಸ್ನಾಯು ಟ್ರೈಸೆಪ್ಸ್ ಹೆಚ್ಚು ದುಡಿದದ್ದು ಸರಿಯೇ. ಎದೆಯ ಸ್ನಾಯು ಕೂಡ ಅಗಲ ಕೈಗಿಂತ ಹೆಚ್ಚೇ ದುಡಿದಿತ್ತು. ಚಟುವಟಿಕೆ ಹೆಚ್ಚಾದಷ್ಟೂ ಸ್ನಾಯು ಬೆಳೆಯುತ್ತದೆ ಎಂದೇನಿಲ್ಲ, ಆದರೆ "ಅಗಲ ಇಟ್ಟರೇ ಎದೆ" ಎಂಬ ಮಾತಂತೂ ನಿಲ್ಲುವುದಿಲ್ಲ.

ಕೈ ಅಗಲವಾದಷ್ಟೂ ಎದೆ ಮೊದಲೇ ನೆಲಕ್ಕೆ ಹತ್ತಿರ ಬಂದಿರುತ್ತದೆ. ಇಳಿಯುವ ದೂರ ಕಡಿಮೆ, ಮೊಣಕೈ ಮಡಚುವುದೂ ಕಡಿಮೆ. ಅದಕ್ಕೇ ಎಣಿಕೆ ಬೇಗ ಏರುತ್ತದೆ.

ನನ್ನ ಅನುಭವದಲ್ಲಿ ಅಗಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಅಂಗೈ ಎಷ್ಟು ಮೇಲಿದೆ ಎಂಬುದು. ಬೋರಲು ಮಲಗಿಸಿ ನೋಡಿದರೆ ಹಲವರ ಅಂಗೈ ಕಿವಿಯ ನೇರಕ್ಕಿರುತ್ತದೆ. ಅಲ್ಲಿಂದ ಇಳಿದಾಗ ಮೊಣಕೈಗಳು ಭುಜದ ನೇರಕ್ಕೆ, ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ಬೆರಳುಗಳೂ ಒಳಮುಖವಾಗಿದ್ದರೆ ತೋಳು ಒಳಕ್ಕೆ ತಿರುಗಿ, ತೋಳಿನ ಮೂಳೆಗೂ ಭುಜದ ಮೇಲ್ಮೂಳೆಗೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಹಾಯುವ ಸ್ನಾಯುರಜ್ಜುಗಳ ಮೇಲೆ ಒತ್ತಡ ಬೀಳಬಹುದು. ಅಂಗೈಯನ್ನು ಎದೆಯ ಮಧ್ಯದ ನೇರಕ್ಕೆ ತಂದು, ಭುಜಕ್ಕಿಂತ ತುಸು ಹೊರಗಿಟ್ಟು, ಬೆರಳುಗಳನ್ನು ಮುಂದಕ್ಕೆ ಮಾಡಿ. ಕೆಳಗಿಳಿದು ಹಾಗೇ ನಿಂತಾಗ ಮುಂದಿನಿಂದಲೂ ಪಕ್ಕದಿಂದಲೂ ಯಾರಾದರೂ ನೋಡಲಿ: ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ನೆಲಕ್ಕೆ ನೆಟ್ಟಗಿರಬೇಕು, ಮೊಣಕೈ ಪಕ್ಕೆಯಿಂದ ಸುಮಾರು 45 ಡಿಗ್ರಿ ದೂರವಿರಬೇಕು. ಅಳತೆಪಟ್ಟಿಗಿಂತ ಈ ಪರೀಕ್ಷೆಯನ್ನೇ ನಾನು ನಂಬುತ್ತೇನೆ. ಎಲ್ಲರ ತೋಳಿನ ಉದ್ದ ಒಂದೇ ಅಲ್ಲವಲ್ಲ.

ಗರಡಿಯ ದಂಡಕ್ಕೆ ಇದನ್ನು ಹಾಗೇ ಅನ್ವಯಿಸಬೇಡಿ. ಅಲ್ಲಿ ಸೊಂಟ ಎತ್ತಿ ಎದೆಯನ್ನು ಮುಂದಕ್ಕೆ ಹಾಯಿಸುವುದರಿಂದ ಭುಜದ ಲೆಕ್ಕವೇ ಬೇರೆ.

ಹೆಬ್ಬೆರಳು, ತೋರುಬೆರಳು ಕೂಡಿಸಿ ಮಾಡುವ ಡೈಮಂಡ್ ಪುಷ್‌ಅಪ್ ಟ್ರೈಸೆಪ್ಸ್‌ಗೆ ಒಳ್ಳೆಯದು, ಆದರೆ ಮೊಣಕೈ, ಮಣಿಕಟ್ಟಿಗೆ ಬಿಗಿ. ಹೊಸಬರಿಗೆ ನಾನು ಹೇಳಿಕೊಡುವುದಿಲ್ಲ.

ಭಾರ ತಡೆಯಲಾಗದಿದ್ದರೆ ಕೈ ಅಗಲಿಸುವ ಬದಲು ಎತ್ತರಿಸಿ. ಮಾಮೂಲಿ ಪುಷ್‌ಅಪ್‌ನಲ್ಲಿ ದೇಹತೂಕದ ಸುಮಾರು 64% ಕೈಗಳ ಮೇಲಿರುತ್ತದೆ. 70 ಕಿಲೋ ಮನುಷ್ಯನಿಗೆ 45 ಕಿಲೋ. 60 ಸೆಂ.ಮೀ. ಎತ್ತರದ ಗಟ್ಟಿ ಬೆಂಚಿನ ಮೇಲೆ ಕೈಯಿಟ್ಟರೆ ಅದು 41%ಕ್ಕೆ, ಅಂದರೆ 29 ಕಿಲೋಗೆ ಇಳಿಯುತ್ತದೆ. ಮೊಣಕಾಲೂರಿದರೆ 49%.

ಮಣಿಕಟ್ಟು ನೋಯುವವರು ಪುಷ್‌ಅಪ್ ಬಾರ್ ಅಥವಾ ಡಂಬೆಲ್ ಹಿಡಿದು ಮಾಡಲಿ, ಆಗ ಮಣಿಕಟ್ಟು ಹಿಂದಕ್ಕೆ ಮಡಚುವುದಿಲ್ಲ. ಡಂಬೆಲ್ ಆರು ಮೂಲೆಯದೇ ಇರಲಿ, ದುಂಡನೆಯದು ಉರುಳುತ್ತದೆ.