ಹೈವೇಯಲ್ಲಿ ಚಳಿ, ಸಿಗ್ನಲ್‌ನಲ್ಲಿ ಸೆಕೆ: ಕಾರಿನ ಎಸಿಗೆ ಮತ್ತೆ ಗ್ಯಾಸ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ಏಳು ವರ್ಷದ ಹಳೆಯ ಪೆಟ್ರೋಲ್ ಕಾರು. ಹೈವೇಯಲ್ಲಿ ಹೋಗುವಾಗ ಎಸಿ ಚೆನ್ನಾಗಿ ತಣ್ಣಗಿರುತ್ತದೆ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಎರಡೇ ನಿಮಿಷಕ್ಕೆ ಬೆಚ್ಚನೆ ಗಾಳಿ ಶುರು. ಹೋದ ಬೇಸಿಗೆಯಲ್ಲಿ ಗ್ಯಾಸ್ ಹಾಕಿಸಿದ್ದೆ. ಈಗ ಮತ್ತೆ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಗ್ಯಾಸ್ ತೀರಾ ಕಮ್ಮಿಯಾಗಿದ್ದರೆ ಹೈವೇಯಲ್ಲೂ ತಣ್ಣಗಾಗುತ್ತಿರಲಿಲ್ಲ, ಅಲ್ವಾ?

ಎಸಿ ಮಾಡುವುದು ಸಾಗಿಸುವ ಕೆಲಸ. ಕಾರಿನೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕಬೇಕು. ಆ ಹೊರೆ ಹೊರುವ ಕೂಲಿಯಾಳೇ ಗ್ಯಾಸ್. ಡ್ಯಾಶ್‌ಬೋರ್ಡ್ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಶಾಖ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ರೇಡಿಯೇಟರ್‌ನ ಮುಂದೆ ಒಂದು ಜಾಲರಿ ಇದೆಯಲ್ಲ, ಕಂಡೆನ್ಸರ್, ಅಲ್ಲಿ ಹೊರೆ ಇಳಿಸುತ್ತದೆ. ಇಳಿಸುವುದಕ್ಕೆ ಗಾಳಿ ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದಾಗ ಗಾಳಿ ತಾನಾಗೇ ನುಗ್ಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಫ್ಯಾನೇ ಗತಿ. ನಿಂತಾಗ ಕಂಪ್ರೆಸರ್ ಕೂಡ ನಿಧಾನವಾಗಿ ತಿರುಗುವುದರಿಂದ ತಂಪು ಸ್ವಲ್ಪ ಇಳಿಯುವುದು ಸಹಜ. ಆದರೆ ಬೆಚ್ಚನೆ ಗಾಳಿ ಬರುವಷ್ಟು ಇಳಿಯಬಾರದು.

ಹಾಗಾಗಿ ನನ್ನ ಮೊದಲ ಅನುಮಾನ ಕಂಡೆನ್ಸರ್ ಮತ್ತು ಅದರ ಫ್ಯಾನ್ ಮೇಲೆ. ಇದನ್ನು ಮನೆ ಮುಂದೆಯೇ ಒಂದು ಮಗ್ ನೀರಿನಲ್ಲಿ ಪರೀಕ್ಷೆ ಮಾಡಬಹುದು. ಬಿಸಿಲೇರಿದ ಮೇಲೆ ಕಾರು ನಿಲ್ಲಿಸಿ, ಇಂಜಿನ್, ಎಸಿ, ಬ್ಲೋವರ್ ಎಲ್ಲ ಫುಲ್ ಆನ್ ಮಾಡಿ. ಮನೆಯವರೊಬ್ಬರು ಒಳಗೆ ಕೂತು ನಡುವಿನ ಕಿಂಡಿಗೆ ಕೈ ಹಿಡಿದಿರಲಿ. ಗಾಳಿ ಬೆಚ್ಚಗಾಗುವವರೆಗೆ ಕಾಯಿರಿ. ಆಮೇಲೆ ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಒಂದೆರಡು ನಿಮಿಷದಲ್ಲಿ ಒಳಗಿನಿಂದ "ಹಾಂ, ತಣ್ಣಗೆ ಬಂತು" ಅಂದರೆ ವಿಷಯ ಗೊತ್ತಾಯಿತು. ಶಾಖ ಹೊರಗೆ ಹೋಗದೆ ಸಿಕ್ಕಿಕೊಂಡಿತ್ತು, ಫ್ಯಾನ್ ಮಾಡಬೇಕಿದ್ದ ಕೆಲಸವನ್ನು ನೀರು ಮಾಡಿತು. ಒಂದೇ ಎಚ್ಚರಿಕೆ: ಬಾನೆಟ್ ಎತ್ತಿದ್ದರೆ ಫ್ಯಾನ್ ಹತ್ತಿರ ಕೈ, ದುಪಟ್ಟಾ ಏನೂ ಹೋಗದಿರಲಿ. ಅದು ಹೇಳದೆ ಕೇಳದೆ ಶುರುವಾಗುತ್ತದೆ.

ನನಗೆ ಈ ಪಾಠ ದುಬಾರಿಯಾಗಿಯೇ ಸಿಕ್ಕಿತು. ಹುರುಳಿ ಕಟಾವಿನ ಕಾಲದಲ್ಲಿ ತುಮಕೂರು, ಚಿತ್ರದುರ್ಗದ ಕಡೆ ಡಾಂಬರು ರಸ್ತೆ ಮೇಲೇ ಒಕ್ಕಣೆ ನಡೆಯುತ್ತದಲ್ಲ, ನಾವು ಊರಿಗೆ ಹೋಗುವ ದಾರಿಯೇ ಅದು. ಒಂದು ವರ್ಷ ಮೂರ್ನಾಲ್ಕು ಸಲ ಹುರುಳಿ ಗಿಡದ ಮೇಲೇ ಕಾರು ಓಡಿಸಿದ್ದೆ. ಮಾರ್ಚ್ ಬಂದಾಗ ಎಸಿ ಕೈಕೊಟ್ಟಿತು. ಒಂದು ಅಂಗಡಿಯಲ್ಲಿ ನೋಡಿದವರೇ "ಗ್ಯಾಸ್ ಸಾರ್" ಅಂದರು, ಹಾಕಿದರು, ಸಂಜೆ ಆರೂವರೆಗೆ ಓಡಿಸಿ ತೋರಿಸಿದರು. ಸಂಜೆ ತಣ್ಣಗೇ ಇತ್ತು. ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ಕಥೆ. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಬಂಪರ್ ಬಿಚ್ಚಿ ತೋರಿಸಿದರು. ಕಂಡೆನ್ಸರ್ ಮೇಲೆ ಹುರುಳಿ ಹೊಟ್ಟು, ಧೂಳು, ಸತ್ತ ಚಿಟ್ಟೆ ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬೆರಳಲ್ಲಿ ಎಳೆದರೆ ಪದರಪದರವಾಗಿ ಬಂತು. ಪೈಪ್ ನೀರು, ಮೆತ್ತನೆ ಬ್ರಷ್, ಮುಕ್ಕಾಲು ಗಂಟೆ. ಅಷ್ಟೇ ರಿಪೇರಿ.

ತೊಳೆಯುವಾಗ ಇಂಜಿನ್ ಆಫ್ ಆಗಿ ಆರಿರಲಿ. ವಾಟರ್ ಸರ್ವೀಸ್‌ನವರ ಪ್ರೆಶರ್ ಗನ್ ಹತ್ತಿರದಿಂದ ಹೊಡೆಸಬೇಡಿ. ಆ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು, ಮಡಚಿಕೊಂಡರೆ ಗಾಳಿಯ ದಾರಿಯೇ ಮುಚ್ಚಿ ಹೋಗುತ್ತದೆ.

ಕಂಡೆನ್ಸರ್ ಚೊಕ್ಕಟವಾಗಿದ್ದರೆ ಫ್ಯಾನ್ ನೋಡಿ. ಎಸಿ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಅದು ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಇಲ್ಲವೇ ಮೋಟರ್. ಕಾಟ ಕೊಡುವುದು ತಿರುಗಿದರೂ ಸೊರಗಿದ ಫ್ಯಾನ್. ಮೋಟರ್‌ನ ಕಾರ್ಬನ್ ಬ್ರಷ್ ಸವೆದಿರುತ್ತದೆ. ನೋಡಿದವರು "ಫ್ಯಾನ್ ಓಡ್ತಾ ಇದೆ" ಅಂದು ಮುಂದೆ ಹೋಗುತ್ತಾರೆ. ಟ್ರಾಫಿಕ್‌ನಲ್ಲಿ ಇಂಜಿನ್ ಟೆಂಪರೇಚರ್ ಮುಳ್ಳು ಕೂಡ ಮೇಲೇರುತ್ತಿದ್ದರೆ ಎಸಿ ಮಾತು ಪಕ್ಕಕ್ಕಿಡಿ, ಅವತ್ತೇ ತೋರಿಸಿ. ಸುಮಾರು ಕಾರುಗಳಲ್ಲಿ ರೇಡಿಯೇಟರ್‌ಗೂ ಕಂಡೆನ್ಸರ್‌ಗೂ ಅದೊಂದೇ ಫ್ಯಾನ್.

ಈಗ ಗ್ಯಾಸ್ ವಿಷಯ. ಇದು ಪೆಟ್ರೋಲ್ ಥರ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್ ಮೂಲಕ ವರ್ಷಕ್ಕೆ ಒಂದಷ್ಟು ಗ್ರಾಂ ಸೋರುವುದು ಇದ್ದದ್ದೇ. ಒಂದೇ ವರ್ಷಕ್ಕೆ ಖಾಲಿಯಾಯಿತು ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹೊತ್ತ ಹಾಗೆ. ಪೈಪ್ ಜಾಯಿಂಟ್‌ಗಳಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಮೆತ್ತಿದ್ದರೆ ಅಲ್ಲೇ ನೋಡಿ. ಗ್ಯಾಸ್ ಸೋರುವಾಗ ಕಂಪ್ರೆಸರ್ ಆಯಿಲ್ ಕೂಡ ಹೊರಬರುತ್ತದೆ.

ಬಾನೆಟ್ ಎತ್ತಿದರೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ನಿಮ್ಮ ಕಾರಿನ ವಯಸ್ಸು ನೋಡಿದರೆ ಆರ್‌134ಎ ಇರಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಅರ್ಧ ಕೆಜಿ ಸಕ್ಕರೆ ಪೊಟ್ಟಣದ ಲೆಕ್ಕ. ಇಷ್ಟರಲ್ಲಿ 100 ಗ್ರಾಂ ಆಚೀಚೆ ಆದರೂ ದೊಡ್ಡ ವ್ಯತ್ಯಾಸವೇ. ಜಾಸ್ತಿ ತುಂಬಿದರೆ ಜಾಸ್ತಿ ತಂಪು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ. ಒತ್ತಡ ಏರಿ ತಂಪು ಕಮ್ಮಿಯಾಗುತ್ತದೆ, ಅದೂ ನಿಂತಾಗಲೇ ಜಾಸ್ತಿ. ಹೋದ ಬೇಸಿಗೆಯಲ್ಲಿ ನಿಮಗೆ ತೂಕ ಮಾಡದೆ ಅಂದಾಜಿನಲ್ಲಿ ಹಾಕಿದ್ದರೆ ಇದೂ ಕಾರಣ ಇರಬಹುದು.

ಅಂಗಡಿಗೆ ಹೋದರೆ ಗ್ಯಾಸಿನ ಒತ್ತಡ ಅಳೆಯುವ ಎರಡೂ ಗೇಜ್ ಹಾಕಿ ತೋರಿಸಿ ಅನ್ನಿ. ನೀಲಿ ಕಮ್ಮಿ ಒತ್ತಡದ ಕಡೆಗೆ, ಕೆಂಪು ಜಾಸ್ತಿ ಒತ್ತಡದ ಕಡೆಗೆ. ಎರಡರ ಮುಳ್ಳೂ ಇರಬೇಕಾದ್ದಕ್ಕಿಂತ ಕೆಳಗಿದ್ದರೆ ಗ್ಯಾಸ್ ಕಮ್ಮಿ. ಕೆಂಪು ವಿಪರೀತ ಮೇಲಿದ್ದರೆ ಫ್ಯಾನ್, ಕಂಡೆನ್ಸರ್ ಅಥವಾ ಜಾಸ್ತಿ ಗ್ಯಾಸ್. ನೀಲಿ ಮೇಲೆ, ಕೆಂಪು ಕೆಳಗೆ ಅಂದರೆ ಕಂಪ್ರೆಸರ್ ಸುಸ್ತಾಗಿದೆ, ಅದು ದೊಡ್ಡ ಖರ್ಚು. ಗ್ಯಾಸ್ ನಿಜಕ್ಕೂ ಬೇಕೆಂದರೆ ಕ್ರಮ ಹೀಗಿದೆ: ಹಳೆಯದನ್ನು ಮಷಿನ್‌ನಿಂದ ಹೊರತೆಗೆಯಬೇಕು, ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಿ ಒಳಗಿನ ಗಾಳಿ, ತೇವ ಎಳೆದು ತೆಗೆಯಬೇಕು, ಆಮೇಲೆ ತೂಕ ಮಾಡಿ ಹೊಸದು ತುಂಬಬೇಕು. ಹಳೆಯದನ್ನು "ಪುಸ್" ಅಂತ ಗಾಳಿಗೆ ಬಿಡುವವರ ಹತ್ತಿರ ಹೋಗಬೇಡಿ. ಆರ್‌134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಜೋರು.

ನಿಮಗಲ್ಲದಿದ್ದರೂ ಬೇರೆಯವರಿಗೆ ಒಂದು ಮಾತು. ಬರುವ ಗಾಳಿ ತಣ್ಣಗಿದ್ದೂ ಮೆಲ್ಲಗೆ ಬರುತ್ತಿದ್ದರೆ ಅದು ಬೇರೆ ಕಾಯಿಲೆ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಎಸಿ ಫಿಲ್ಟರ್ ಇರುತ್ತದೆ, ತೆಗೆದು ನೋಡಿ. ಕಪ್ಪಾಗಿದ್ದರೆ ಬದಲಾಯಿಸಿ, ತೊಳೆದು ಹಾಕಬೇಡಿ.

ನೀವು ಈ ಭಾನುವಾರ ಮಗ್ ನೀರಿನ ಪರೀಕ್ಷೆ ಮಾಡಿ. ನೀರು ಬಿದ್ದಾಗ ತಣ್ಣಗಾದರೆ ಕಂಡೆನ್ಸರ್ ತೊಳೆಸಿ, ಫ್ಯಾನನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅದಾದ ಮೇಲೂ ಸರಿಹೋಗದಿದ್ದರೆ, ಇಲ್ಲವೇ ನೀರಿಗೆ ಏನೂ ವ್ಯತ್ಯಾಸ ಕಾಣದಿದ್ದರೆ, ಎಸಿ ಅಂಗಡಿಗೆ ಹೋಗಿ. ಮಧ್ಯಾಹ್ನವೇ ಹೋಗಿ, ಸಂಜೆ ಬೇಡ.