ಕಮಿನ್ ಮನೆತನಕ್ಕೆ ದ್ರೋಹಿಗಳೆಂಬ ಹೆಸರು ಬಂದದ್ದು ಹೇಗೆ?

ಜೇಡ ಬಲೆ ನೇಯುವುದನ್ನು ನೋಡಿ ಮತ್ತೆ ಯುದ್ಧಕ್ಕೆ ಎದ್ದ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್‌ನ ಕಥೆ ನಮ್ಮಲ್ಲಿ ಬಹಳ ಜನ ಕೇಳಿದ್ದಾರೆ. ಅವನಿಗೆ ಪಟ್ಟವಾಗುವ ಆರು ವಾರ ಮೊದಲು ಒಂದು ಚರ್ಚಿನಲ್ಲಿ ಕೊಲೆಯಾದ ಜಾನ್ ಕಮಿನ್ ಬಗ್ಗೆ ಕೇಳಿದವರು ಕಮ್ಮಿ. ಕೇಳಿದವರಿಗೂ ಅವನು ದ್ರೋಹಿ ಎಂದಷ್ಟೇ ಗೊತ್ತು.

ಕಮಿನ್‌ರು ನಾರ್ಮನ್ (ಫ್ರಾನ್ಸಿನ ನಾರ್ಮಂಡಿ ಸೀಮೆಯ) ಮೂಲದವರು. 1130ರ ದಶಕದಲ್ಲಿ ಅವರಲ್ಲೊಬ್ಬ ಸ್ಕಾಟ್ಲೆಂಡ್ ರಾಜನ ಚಾನ್ಸೆಲರ್ ಆದ. ನೂರೈವತ್ತು ವರ್ಷದೊಳಗೆ ಉತ್ತರದ ಬಖನ್, ಬ್ಯಾಡನಾಕ್ ಸೀಮೆಗಳು ಅವರ ಕೈಗೆ ಬಂದವು. ಅವರೇನೂ ಸಾಧುಗಳಲ್ಲ. 1257ರಲ್ಲಿ ಹದಿನಾರು ವರ್ಷದ ರಾಜ ಮೂರನೇ ಅಲೆಕ್ಸಾಂಡರ್‌ನನ್ನೇ ಹಿಡಿದು ತಮ್ಮ ವಶದಲ್ಲಿ ಇಟ್ಟುಕೊಂಡಿದ್ದರು.

1286ರಲ್ಲಿ ಆ ರಾಜ ರಾತ್ರಿ ಹೊತ್ತು ಕುದುರೆ ಸವಾರಿ ಹೊರಟವನು ದಾರಿಯಲ್ಲೇ ಬಿದ್ದು ಸತ್ತ. 1290ರಲ್ಲಿ ಅವನ ಪುಟ್ಟ ಮೊಮ್ಮಗಳೂ ತೀರಿಕೊಂಡಳು. ಸಿಂಹಾಸನ ಖಾಲಿ. ಹಕ್ಕು ಕೇಳಿದವರಲ್ಲಿ ಮುಖ್ಯರು ಇಬ್ಬರು: ಜಾನ್ ಬೇಲಿಯಲ್ ಮತ್ತು ಬ್ರೂಸ್‌ನ ಅಜ್ಜ. ಬೇಲಿಯಲ್‌ನ ಸೋದರಿ ಕಮಿನ್ ಮನೆಯ ಸೊಸೆ. ಹಾಗಾಗಿ ಕಮಿನ್‌ರು ಬೇಲಿಯಲ್ ಕಡೆ ನಿಂತರು. 1292ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ತೀರ್ಪು ಕೊಟ್ಟು ಬೇಲಿಯಲ್‌ನನ್ನು ರಾಜ ಮಾಡಿದ. 1296ರಲ್ಲಿ ಎಡ್ವರ್ಡನೇ ಅವನನ್ನು ಕೆಳಗಿಳಿಸಿದ.

ಗೋಜಲು ಶುರುವಾಗುವುದು ಇಲ್ಲಿಂದ. 1298ರಲ್ಲಿ ಇಂಗ್ಲಿಷರ ವಿರುದ್ಧ ಸ್ಕಾಟ್ ಪಡೆ ನಡೆಸುತ್ತಿದ್ದ ವಿಲಿಯಂ ವಾಲೇಸ್ ಫಾಲ್ಕರ್ಕ್‌ನಲ್ಲಿ ಸೋತ. ಆಮೇಲೆ ಬೇಲಿಯಲ್ ಹೆಸರಿನಲ್ಲಿ ರಾಜ್ಯ ನೋಡಿಕೊಳ್ಳುವ ಜವಾಬ್ದಾರಿ ಜಾನ್ ಕಮಿನ್ ಮತ್ತು ರಾಬರ್ಟ್ ಬ್ರೂಸ್ ಇಬ್ಬರ ಹೆಗಲಿಗೂ ಬಿತ್ತು. ಇಬ್ಬರೂ ಯುವಕರು, ಇಬ್ಬರಿಗೂ ತಮ್ಮ ಮನೆತನದ್ದೇ ಲೆಕ್ಕ. 1299ರ ಆಗಸ್ಟ್‌ನಲ್ಲಿ ಪೀಬಲ್ಸ್ ಸಭೆಯಲ್ಲಿ ಜಗಳ ಹತ್ತಿ ಕಮಿನ್ ಬ್ರೂಸ್‌ನ ಕುತ್ತಿಗೆಪಟ್ಟಿಗೇ ಕೈ ಹಾಕಿದ. ಬ್ರೂಸ್ ಮುಂದೆ ಆ ಹೊಣೆ ಬಿಟ್ಟ.

ಅಷ್ಟರಲ್ಲಿ ಬೇಲಿಯಲ್ ವಾಪಸ್ ಬರುತ್ತಾನೆ ಎಂಬ ಮಾತು ಹಬ್ಬಿತು. ಅವನು ಬಂದರೆ ಬ್ರೂಸ್ ಮನೆಯವರ ಹಕ್ಕು ಮಣ್ಣುಪಾಲು. 1302ರ ಆರಂಭದ ಹೊತ್ತಿಗೆ ಬ್ರೂಸ್ ಎಡ್ವರ್ಡ್‌ಗೆ ಶರಣಾದ. ಅವನ ಲೆಕ್ಕ ಅರ್ಥವಾಗುತ್ತದೆ. ಆದರೆ ಆಗ ಹೋರಾಟ ಮುಂದುವರಿಸಿದವನು ಕಮಿನ್, ಅಲ್ವಾ? 1303ರ ಫೆಬ್ರವರಿಯಲ್ಲಿ ರಾಸ್ಲಿನ್‌ನಲ್ಲಿ ಅವನು ಮತ್ತು ಸೈಮನ್ ಫ್ರೇಸರ್ ಇಂಗ್ಲಿಷ್ ಪಡೆಯನ್ನು ಸೋಲಿಸಿದರು. ಅದೇ ವರ್ಷ ಸ್ಕಾಟ್ಲೆಂಡಿನ ಮಿತ್ರನಾಗಿದ್ದ ಫ್ರಾನ್ಸ್ ತನ್ನ ಪಾಡಿಗೆ ಎಡ್ವರ್ಡ್ ಜೊತೆ ರಾಜಿ ಮಾಡಿಕೊಂಡಿತು. 1304ರಲ್ಲಿ ಕಮಿನ್ ಕೂಡ ಶರಣಾಗಬೇಕಾಯಿತು. ಆಗಲೂ ಅವನು ಸುಮ್ನೆ ತಲೆ ಬಗ್ಗಿಸಲಿಲ್ಲ. ಅಲೆಕ್ಸಾಂಡರ್ ಕಾಲದ ಕಾನೂನು, ಪದ್ಧತಿಗಳು ಹಾಗೇ ಉಳಿಯಬೇಕು ಎಂದು ಕೇಳಿದ. ತನ್ನ ಕಡೆಯವರ ಪ್ರಾಣ, ಆಸ್ತಿ ಉಳಿಸಿಕೊಂಡ. ವಾಲೇಸ್‌ಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ.

1306ರ ಫೆಬ್ರವರಿ 10ರಂದು ಡಂಫ್ರೀಸ್‌ನ ಗ್ರೇಫ್ರೈಯರ್ಸ್ ಚರ್ಚಿನಲ್ಲಿ ಬ್ರೂಸ್ ಮತ್ತು ಕಮಿನ್ ಭೇಟಿಯಾದರು. ಮಾತು ಬೆಳೆದು ಕೊಲೆಯಲ್ಲಿ ಮುಗಿಯಿತು. ಕಮಿನ್ ಜೊತೆ ಅವನ ಚಿಕ್ಕಪ್ಪನೂ ಸತ್ತ. ಮಾರ್ಚ್ 25ರಂದು ಸ್ಕೂನ್‌ನಲ್ಲಿ ಬ್ರೂಸ್ ರಾಜನಾದ. ಅವನಿಗೆ ಕಿರೀಟ ತೊಡಿಸಲು ಬಂದವಳು ಬಖನ್‌ನ ಅರ್ಲ್ (ಸೀಮೆಯ ಒಡೆಯ) ಆಗಿದ್ದ ಇನ್ನೊಬ್ಬ ಜಾನ್ ಕಮಿನ್‌ನ ಹೆಂಡತಿ ಇಸಬೆಲಾ. ಎಡ್ವರ್ಡ್ ಆಮೇಲೆ ಅವಳನ್ನು ಬೆರಿಕ್ ಕೋಟೆಯಲ್ಲಿ ಪಂಜರಕ್ಕೆ ಹಾಕಿಸಿದ.

1308ರಲ್ಲಿ ಬ್ರೂಸ್ ಕಡೆಯವರಿಂದ ಬಖನ್ ಸೀಮೆಗೆ ಬೆಂಕಿ ಬಿತ್ತು. ಊರು, ಬೆಳೆ, ದನಕರು ಎಲ್ಲ ನಾಶವಾದವು. ಅರ್ಲ್ ಇಂಗ್ಲೆಂಡಿಗೆ ಓಡಿದ. ಡಂಫ್ರೀಸ್‌ನಲ್ಲಿ ಸತ್ತವನ ಮಗ 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷರ ಕಡೆ ಕಾದಾಡಿ ಸತ್ತ. ಅಪ್ಪನ ಕೊಲೆಯಾದ ಮೇಲೆ ಅವನಿಗೆ ಬೇರೆ ಯಾವ ಕಡೆ ಜಾಗವಿತ್ತು?

ಬ್ರೂಸ್‌ನನ್ನು ಹಾಡಿದ ದೊಡ್ಡ ಕಾವ್ಯ ಬಂದದ್ದು 1370ರ ದಶಕದಲ್ಲಿ, ಅವನ ಮೊಮ್ಮಗ ಆಳುತ್ತಿದ್ದಾಗ. ಅದರಲ್ಲಿ ಕಮಿನ್ ಬ್ರೂಸ್ ಜೊತೆ ಮಾಡಿಕೊಂಡ ಒಪ್ಪಂದದ ಗುಟ್ಟನ್ನು ಎಡ್ವರ್ಡ್‌ಗೆ ಮುಟ್ಟಿಸಿದವನು. ಎದುರು ಹೇಳಲು ಕಮಿನ್‌ರ ದೊಡ್ಡ ಮನೆಗಳು ಆಗ ಸ್ಕಾಟ್ಲೆಂಡಿನಲ್ಲಿ ಉಳಿದಿರಲಿಲ್ಲ. ಆ ಕಾವ್ಯದಲ್ಲಿ ವಾಲೇಸ್‌ನ ಹೆಸರೂ ಇಲ್ಲ.